ಹಣತೆಯ ಎಣ್ಣೆ, ಯಂತ್ರದ ಎಣ್ಣೆ

ವಿಜಯಪುರದಿಂದ ಉತ್ತರಕ್ಕೆ ಹೊರಡುವ ಸೊಲ್ಲಾಪುರ ರಸ್ತೆಯಲ್ಲಿ ಸಂಜೆಯ ಹೊತ್ತು ಅರ್ಧ ತಾಸು ನಿಂತರೆ, ಈ ಯುಗವನ್ನು ನಡೆಸುತ್ತಿರುವ ವಸ್ತು ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಲಾರಿ, ಬಸ್ಸು, ಟ್ರ್ಯಾಕ್ಟರುಗಳೆಲ್ಲ ಭೂಗರ್ಭದ ಎಣ್ಣೆಯನ್ನೇ ಉಂಡು ಓಡುವಂಥವು. ಈ ಎಣ್ಣೆ ಎಂದು ತೀರೀತು ಎಂಬ ಚರ್ಚೆ ಬೆಲೆ ಏರಿದಾಗ ಏಳುತ್ತದೆ, ಇಳಿದೊಡನೆ ಅಡಗುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಬೇರೆಯದು. ಬದಲಿ ಎಣ್ಣೆಯನ್ನು ಹುಡುಕುವಂತೆ ವಿಜ್ಞಾನಿಯನ್ನು ಪ್ರೇರಿಸುವುದು ಯಾವುದು? ಕರುಣೆಯೇ, ಕೊರತೆಯೇ, ಲಾಭವೇ?

ಅಹಿಂಸೆಯನ್ನು ನಂಬಿದವರು ಮೊದಲು ತಿಮಿಂಗಿಲದ ಕಥೆಯನ್ನು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಯುರೋಪು, ಅಮೆರಿಕಗಳ ಎಷ್ಟೋ ದೀಪಗಳಲ್ಲಿ ಉರಿಯುತ್ತಿದ್ದುದು ಆ ಮೂಕಪ್ರಾಣಿಯ ಕೊಬ್ಬು. 1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಣ್ಣೆಬಾವಿ ಕೊರೆದ ಮೇಲೆ ಸೀಮೆಎಣ್ಣೆ ಅಗ್ಗವಾಯಿತು, ದೀಪಗಳ ಆಹಾರ ಬದಲಾಯಿತು. ಸೀಮೆಎಣ್ಣೆಯೇ ತಿಮಿಂಗಿಲವನ್ನು ಉಳಿಸಿತೆಂದು ಹೇಳುವ ವಾಡಿಕೆಯುಂಟು, ಅದು ಅರ್ಧಸತ್ಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದ್ರವರೂಪದ ಎಣ್ಣೆಗೆ ಜಲಜನಕವನ್ನು ಕೂಡಿಸಿ ಗಟ್ಟಿ ಕೊಬ್ಬಾಗಿಸುವ ವಿದ್ಯೆ ಬಂದಿತು. ತಿಮಿಂಗಿಲದ ಎಣ್ಣೆ ಮಾರ್ಗರೀನ್ ಆಗಿ ಊಟದ ಮೇಜನ್ನೇರಿತು. ಯಂತ್ರದ ಹಡಗುಗಳು ಅವುಗಳನ್ನು ದಕ್ಷಿಣ ಧ್ರುವದ ಕಡಲಿನವರೆಗೂ ಬೆನ್ನಟ್ಟಿದವು. ಆ ಒಂದೇ ಶತಮಾನದಲ್ಲಿ ಹತವಾದವು ಸುಮಾರು 29 ಲಕ್ಷವೆಂದು ಅಂದಾಜು. ವಾಣಿಜ್ಯ ಬೇಟೆಯ ಮೇಲಿನ ಅಂತರರಾಷ್ಟ್ರೀಯ ನಿಷೇಧ 1986ರಲ್ಲಿ ಜಾರಿಗೆ ಬಂದುದು ಮನುಷ್ಯರ ನಿರ್ಧಾರದಿಂದಲೇ ಹೊರತು ಹೊಸದೊಂದು ಶೋಧದಿಂದಲ್ಲ.

ಕನ್ನಡ ನಾಡಿನ ಹಳ್ಳಿಗಳ ಹಣತೆಗೆ ಹೊಂಗೆ, ಇಪ್ಪೆ, ಔಡಲದ ಎಣ್ಣೆಗಳಿದ್ದವು. ನಮ್ಮ ಕಡೆ ಚಿಮಣಿ ಎಣ್ಣೆಯೆಂದೇ ಕರೆಯುವ ಸೀಮೆಎಣ್ಣೆ ಬಂದು ಅವುಗಳನ್ನು ಮೂಲೆಗೊತ್ತಿತು. ವಿಚಿತ್ರವೆಂದರೆ, ಯಂತ್ರಕ್ಕೂ ಇಂಥ ಎಣ್ಣೆ ಸಲ್ಲುತ್ತದೆಂಬುದು ಆಗಲೇ ತಿಳಿದಿತ್ತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಶೇಂಗಾ ಎಣ್ಣೆಯಿಂದ ನಡೆಸಿ ತೋರಿಸಲಾಗಿತ್ತು. ಆಫ್ರಿಕದ ತನ್ನ ವಸಾಹತುಗಳಲ್ಲಿ ಬೆಳೆಯುವ ಶೇಂಗಾವನ್ನು ಅಲ್ಲಿಯೇ ಇಂಧನವಾಗಿಸಬಹುದೇ ಎಂಬುದು ಫ್ರೆಂಚ್ ಸರಕಾರದ ಲೆಕ್ಕಾಚಾರ. ಎರಡನೆಯ ಮಹಾಯುದ್ಧದ ಕೊರತೆಯ ದಿನಗಳಲ್ಲಿ ಭಾರತದಲ್ಲಿಯೂ ಸಸ್ಯತೈಲಗಳನ್ನು ಎಂಜಿನ್ನಿನಲ್ಲಿ ಪರೀಕ್ಷಿಸಿದರು. ಯುದ್ಧ ಮುಗಿಯಿತು, ಎಣ್ಣೆ ಅಗ್ಗವಾಯಿತು, ಪರೀಕ್ಷೆಯ ಫಲಿತಾಂಶಗಳು ಕಪಾಟು ಸೇರಿದವು.

1973ರ ಅಕ್ಟೋಬರ್ ಯುದ್ಧದ ತರುವಾಯ ಕಚ್ಚಾ ಎಣ್ಣೆಯ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕಾರ್ಯಕ್ರಮ ಆರಂಭವಾಯಿತು. ಅದನ್ನು ಕಟ್ಟಿದ ಅಮೂಲ್ಯ ರೆಡ್ಡಿಯವರು ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಹೆಸರು ಮಾಡಿದ್ದವರು. ಎಣ್ಣೆಯ ಬೆಲೆಗಿಂತ ಹೆಚ್ಚಾಗಿ ಅವರನ್ನು ಕಾಡಿದ್ದು, ನಮ್ಮ ಪ್ರಯೋಗಶಾಲೆಗಳ ವಿದ್ಯೆ ಬಡವರ ಮನೆಗೆ ಏಕೆ ತಲುಪುತ್ತಿಲ್ಲ ಎಂಬ ಪ್ರಶ್ನೆ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಯಾರು, ಯಾವ ಕೆಲಸಕ್ಕೆ, ಎಷ್ಟು ಶಕ್ತಿಯನ್ನು ವ್ಯಯಿಸುತ್ತಾರೆಂದು ಅವರ ತಂಡ ಮನೆಮನೆಯ ಲೆಕ್ಕ ತೆಗೆಯಿತು. ಆ ಲೆಕ್ಕದಲ್ಲಿ ಪೆಟ್ರೋಲಿನ ಸುದ್ದಿ ಇಲ್ಲವೆಂಬಷ್ಟು ಕಡಿಮೆ. ಇದ್ದುದೆಲ್ಲ ಅಡುಗೆಯ ಸೌದೆ. ಅದನ್ನು ಹೊತ್ತು ತರುವ ಹೆಂಗಸರ ಮತ್ತು ಮಕ್ಕಳ ದುಡಿಮೆ. ಆದ್ದರಿಂದ ಗೋಬರ್ ಅನಿಲದಿಂದ ಅಡುಗೆ ಮಾಡಿಸುವುದೆಂದು ಮೊದಲು ಯೋಜಿಸಿದರು. ಅದಕ್ಕೆ ಸಗಣಿ ಸಾಲಲಿಲ್ಲ. ಮೇಲಾಗಿ, ತಮಗೆ ಮೊದಲು ಬೇಕಾದುದು ನೀರು ಎಂದು ಊರವರೇ ಹೇಳಿದರು. ವಿಜ್ಞಾನಿಗಳು ತಮ್ಮ ಯೋಜನೆಯನ್ನು ತಿದ್ದಿಕೊಂಡರು. 1987ರಲ್ಲಿ ಅದೇ ಅನಿಲ, ಸ್ವಲ್ಪ ಡೀಸೆಲ್ಲಿನೊಡನೆ, ಎಂಜಿನ್ ನಡೆಸಿ ಕೊಳವೆಬಾವಿಯ ನೀರನ್ನು ಮೇಲೆತ್ತಿತು, ಮನೆಗಳಿಗೆ ದೀಪ ಕೊಟ್ಟಿತು. ತಂದ ಸಗಣಿಯ ತೂಕಕ್ಕೆ ತಕ್ಕ ಹಣ, ಹೊಲಕ್ಕೆ ಮರಳಿ ಗೊಬ್ಬರ. ಸಂಶೋಧಕನು ತನ್ನ ಪ್ರಶ್ನೆಯನ್ನೇ ಹಳ್ಳಿಯವರ ಮಾತಿನಿಂದ ತಿದ್ದಿಕೊಂಡ ಇಂಥ ಉದಾಹರಣೆಗಳು ಹೆಚ್ಚಿಲ್ಲ.

ಅದೇ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು 1990ರ ದಶಕದಲ್ಲಿ ಹೊಂಗೆಯ ಕಡೆಗೆ ತಿರುಗಿದರು. ಹಿರಿಯರ ಹಣತೆಯ ಎಣ್ಣೆಯಿಂದಲೇ ಡೀಸೆಲ್ ಜನರೇಟರನ್ನು ನಡೆಸಿ ಹಳ್ಳಿಯಲ್ಲಿ ನೀರೆತ್ತಬಹುದೆಂದು ತೋರಿಸಿದರು. ಎಣ್ಣೆ ತೆಗೆದುಳಿದ ಹಿಂಡಿ ಒಳ್ಳೆಯ ಗೊಬ್ಬರ. (ನಮ್ಮ ಎಷ್ಟೋ ಕ್ಷೇತ್ರಗಳ ಅಂಗಳದಲ್ಲಿ ಉದುರುವ ಹೊಂಗೆಕಾಯಿಯನ್ನು ಗುಡಿಸಿ ಸುಡುತ್ತಾರೆ, ಅದೇ ಅಂಗಳದ ಪಂಚಕಲ್ಯಾಣಕ್ಕೆ ಬಾಡಿಗೆ ಜನರೇಟರು ಡೀಸೆಲ್ ಕುಡಿಯುತ್ತಿರುತ್ತದೆ. ಟ್ರಸ್ಟಿನವರು ಜಮಾಖರ್ಚು ನೋಡಿದರೆ ತಿಳಿದೀತು.) 2008ರ ಜುಲೈಯಲ್ಲಿ ಕಚ್ಚಾ ಎಣ್ಣೆ ಪೀಪಾಯಿಗೆ 147 ಡಾಲರ್ ಮುಟ್ಟಿತು. ಮರುವರ್ಷ ಕರ್ನಾಟಕ ಸರಕಾರ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. 2014ರ ಕೊನೆಯಲ್ಲಿ ಎಣ್ಣೆಯ ಬೆಲೆ ಮತ್ತೆ ಕುಸಿಯಿತು, ಮೊದಲಿನ ಉತ್ಸಾಹ ಉಳಿಯಲಿಲ್ಲ. ಹೊಂಗೆಯ ಸಸಿ ಚೆನ್ನಾಗಿ ಫಲ ಕೊಡಲು ಹಲವು ವರ್ಷ ಬೇಕು. ಮಾರುಕಟ್ಟೆಗೆ ಅಷ್ಟು ತಾಳ್ಮೆಯಿಲ್ಲ.

ಈಗ ಸೊಲ್ಲಾಪುರ ರಸ್ತೆಯ ಪಂಪುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲಿನಷ್ಟು ಎಥೆನಾಲ್ ಬೆರೆತಿರುತ್ತದೆ. ಅದು ಬರುವುದು ಕಬ್ಬಿನಿಂದ, ಕಾಳಿನಿಂದ. ವಿದೇಶಕ್ಕೆ ಹೋಗುವ ಹಣ ಉಳಿಯಲೆಂಬುದು, ಕಬ್ಬಿನ ಬೆಳೆಗಾರನಿಗೆ ಬಾಕಿ ಸಂದಾಯವಾಗಲೆಂಬುದು ಇದರ ಹಿಂದಿನ ಪ್ರೇರಣೆ, ಅದನ್ನು ತಪ್ಪೆನ್ನಲಾರೆ. ಆದರೆ ಶ್ರಾವಕನು ತೊರೆಯಬೇಕಾದ ಹದಿನೈದು ಖರಕರ್ಮಗಳಲ್ಲಿ ಪೂರ್ವಾಚಾರ್ಯರು ಯಂತ್ರಪೀಡನವನ್ನೂ, ಎಂದರೆ ಗಾಣ ಹೂಡಿ ಹಿಂಡುವ ವೃತ್ತಿಯನ್ನೂ, ಸೇರಿಸಿದ್ದರು. ಹಿಂಡಿದ್ದು ಯಾವುದನ್ನು, ಅದರಲ್ಲಿ ನೊಂದವರು ಯಾರು ಎಂಬುದು ಅವರ ವಿಚಾರಣೆಯಾಗಿತ್ತು. ನಮ್ಮ ಜಿಲ್ಲೆಯ ಎರೆಭೂಮಿಯಲ್ಲಿ ಬಿಳಿಜೋಳವೂ ಕುಸುಬೆಯೂ ಮಣ್ಣಿನಲ್ಲುಳಿದ ಹಸಿಯನ್ನೇ ನಂಬಿ ಚಳಿಗಾಲದಲ್ಲಿ ಬೆಳೆಯುತ್ತವೆ; ಕಬ್ಬಿಗೆ ವರ್ಷವಿಡೀ ನೀರು ಬೇಕು. ಆ ನೀರು ಬರುತ್ತಿರುವುದು ಕೃಷ್ಣೆಯ ಕಾಲುವೆಯಿಂದ ಮತ್ತು ಕೊಳವೆಬಾವಿಯಿಂದ.