ಬೈಲಹೊಂಗಲದ ಇಚ್ಛಾಪತ್ರದಿಂದ ನೋಟರಿ ಕಚೇರಿಯವರೆಗೆ

2010ರ ನವೆಂಬರಿನಲ್ಲಿ ಬೆಳಗಾವಿಯ ಕೆಎಲ್‌ಇ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದ ಶರೀರ ರಚನಾ ವಿಭಾಗದಲ್ಲಿ ಡಾ. ಮಹಾಂತೇಶ ರಾಮಣ್ಣವರ ಒಂದು ಮೃತದೇಹದ ಛೇದನ ಮಾಡಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಆ ದೇಹ ಅವರ ತಂದೆಯದು. ಬೈಲಹೊಂಗಲದಲ್ಲಿ ವೈದ್ಯರಾಗಿದ್ದ ಡಾ. ಬಿ.ಎಸ್. ರಾಮಣ್ಣವರ ಅದಕ್ಕೆ ಎರಡು ವರ್ಷ ಮೊದಲು ತೀರಿಕೊಂಡಿದ್ದರು. ತಮ್ಮ ದೇಹ ವೈದ್ಯ ವಿದ್ಯಾರ್ಥಿಗಳ ಕಲಿಕೆಗೆ ಸಲ್ಲಬೇಕು, ಛೇದನವನ್ನು ಮಗನೇ ಮಾಡಬೇಕು ಎಂದು ಬದುಕಿದ್ದಾಗಲೇ ಇಚ್ಛಾಪತ್ರ ಬರೆದಿಟ್ಟಿದ್ದರು. ಮಗ ಅದನ್ನು ಅಕ್ಷರಶಃ ನಡೆಸಿಕೊಟ್ಟರು. ಮುಂದೆ ತಂದೆಯ ಹೆಸರಿನ ಟ್ರಸ್ಟ್ ಮೂಲಕ ದೇಹದಾನ, ನೇತ್ರದಾನ, ಚರ್ಮದಾನದ ಕೆಲಸ ಈ ಭಾಗದ ಊರೂರಿಗೆ ಹಬ್ಬಿತು.

ಕಳೇಬರವನ್ನು ವಿಭೂತಿ ಹಚ್ಚಿ ಕೂಡ್ರಿಸಿ ಸಮಾಧಿ ಮಾಡುವುದೇ ವಾಡಿಕೆಯಾದ ಮನೆಗಳು ತುಂಬಿರುವ ಸೀಮೆ ಇದು. ಕಿತ್ತೂರು ಚೆನ್ನಮ್ಮ 1829ರ ಫೆಬ್ರುವರಿಯಲ್ಲಿ ಬ್ರಿಟಿಷರ ಸೆರೆಯಲ್ಲೇ ತೀರಿಕೊಂಡದ್ದು ಬೈಲಹೊಂಗಲದಲ್ಲಿ. ಆಕೆಯ ಸಮಾಧಿ ಇಂದಿಗೂ ಈ ಊರಿನ ಹೆಮ್ಮೆ. ಅಂಥ ಊರಿನ ವೈದ್ಯರೊಬ್ಬರು ‘ನನಗೆ ಸಮಾಧಿ ಬೇಡ, ನನ್ನ ದೇಹ ಮೇಜಿನ ಮೇಲಿರಲಿ’ ಎಂದು ಬರೆದಿಡಲು ಎಂಥ ಎದೆಗಾರಿಕೆ ಬೇಕು! ಬರೆದವರದು ಅರ್ಧ ಧೈರ್ಯ, ಬಂಧು ಬಳಗದ ಎದುರು ನಿಂತು ಅದನ್ನು ಪಾಲಿಸಿದವರದು ಇನ್ನರ್ಧ.

ಇದೇ ಸೀಮೆಯ ಜನರ ಮನಸ್ಸಿಗೆ ಇನ್ನಷ್ಟು ಹತ್ತಿರದ ಉದಾಹರಣೆ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. 2014ರ ಗುರುಪೂರ್ಣಿಮೆಯ ದಿನ ಬರೆದಿಟ್ಟ ಪತ್ರದಲ್ಲಿ ಅವರು ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ತಿಳಿಸಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಗಟ್ಟಲೆ ಜನ ಸೇರಿದ್ದರು. ಗದ್ದುಗೆ ಕಟ್ಟಬೇಕೆಂಬ ಆಸೆ ಆ ಜನಸಾಗರದಲ್ಲಿ ಎಷ್ಟು ಮಂದಿಗೆ ಇತ್ತೋ. ಆದರೆ ಪತ್ರದಲ್ಲಿದ್ದಂತೆಯೇ ನಡೆಯಿತು. ಕೊನೆಯ ದಿನಗಳನ್ನೂ ಅವರು ಆಶ್ರಮದಲ್ಲೇ ಕಳೆದರು, ವೈದ್ಯರು ಅಲ್ಲಿಗೇ ಬಂದು ನೋಡಿಕೊಂಡರು. ಸ್ಪಷ್ಟವಾಗಿ ಬರೆದಿಟ್ಟ ಒಂದು ಹಾಳೆ ಎಷ್ಟು ದೊಡ್ಡ ಗೊಂದಲವನ್ನು ತಪ್ಪಿಸಬಲ್ಲದು ಎಂಬುದನ್ನು ಉತ್ತರ ಕರ್ನಾಟಕ ಆ ಎರಡು ದಿನಗಳಲ್ಲಿ ಕಣ್ಣಾರೆ ಕಂಡಿತು.

ಕಣ್ಣಿನ ದಾನದ ಕಥೆ ಎಲ್ಲರಿಗೂ ಗೊತ್ತು. 2006ರಲ್ಲಿ ಡಾ. ರಾಜಕುಮಾರ್, 2021ರ ಅಕ್ಟೋಬರಿನಲ್ಲಿ ಪುನೀತ್. ಪುನೀತರ ಕಣ್ಣುಗಳು ನಾಲ್ವರಿಗೆ ಬೆಳಕಾದವು. ಆ ವಾರಗಳಲ್ಲಿ ಹಳ್ಳಿಹಳ್ಳಿಯ ಹುಡುಗರು ನೇತ್ರದಾನದ ಅರ್ಜಿ ತುಂಬಲು ಸಾಲು ನಿಂತರು. ಅದೇ ವರ್ಷದ ಜೂನಿನಲ್ಲಿ ನಟ ಸಂಚಾರಿ ವಿಜಯ್ ಅವರ ಮೆದುಳು ನಿಷ್ಕ್ರಿಯವಾದಾಗ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದ್ದರು. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಹಳ್ಳಿಯವರೆಗೆ ಮುಟ್ಟಿದ್ದು ಇಂಥ ಸುದ್ದಿಗಳ ಮೂಲಕವೇ.

ಇವೆಲ್ಲ ಹೆಚ್ಚಾಗಿ ಉಸಿರು ನಿಂತ ಮೇಲಿನ ಮಾತು. ಉಸಿರು ನಿಲ್ಲುವುದಕ್ಕೆ ಮುಂಚಿನ ಹತ್ತು ಹದಿನೈದು ದಿನಗಳ ಮಾತನ್ನು ಮಾತ್ರ ನಾವು ಬರೆದಿಡಲಿಲ್ಲ, ಮನೆಯಲ್ಲಿ ಬಾಯಿಬಿಟ್ಟು ಆಡಲೂ ಇಲ್ಲ. ಈ ಲೇಖನದ ಕಾಳಜಿ ಆ ದಿನಗಳ ಬಗ್ಗೆ.

ಆ ದಿನಗಳು ಹೇಗಿರುತ್ತವೆ? ದೊಡ್ಡ ಆಸ್ಪತ್ರೆ ಬೇಕೆಂದರೆ ರಾಮದುರ್ಗದಿಂದ ಬೆಳಗಾವಿ ನೂರು ಕಿಲೋಮೀಟರ್ ಆಸುಪಾಸು. ಸವದತ್ತಿಯವರು ಧಾರವಾಡ, ಹುಬ್ಬಳ್ಳಿಗೆ ಹೋಗುತ್ತಾರೆ. ಕಿತ್ತೂರಿನವರಿಗೆ ಹೆದ್ದಾರಿಯ ಎರಡೂ ದಿಕ್ಕು ಒಂದೇ. ಲಕ್ವ ಹೊಡೆದ, ಅಥವಾ ಕ್ಯಾನ್ಸರ್ ಕೊನೆಯ ಹಂತ ಮುಟ್ಟಿದ ಹಿರಿಯರನ್ನು ಅಲ್ಲಿ ಐಸಿಯುಗೆ ಸೇರಿಸುತ್ತಾರೆ. ಗಂಟಲಿಗೆ ನಳಿಕೆ ಇಳಿಯುತ್ತದೆ, ವೆಂಟಿಲೇಟರ್ ಹತ್ತುತ್ತದೆ. ಹೊರಗೆ ಬೆಂಚಿನ ಮೇಲೆ ದೊಡ್ಡ ಮಗ, ಅಳಿಯ, ಸೋದರಮಾವ. ಪುಣೆಯಲ್ಲಿರುವ ಮಗಳು ಫೋನಿನಲ್ಲಿ. ವೈದ್ಯರು ಹೊರಗೆ ಬಂದು ಮುಂದೇನು ಮಾಡೋಣ ಎಂದು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊನೆಗೆ ಒಬ್ಬರು, “ನೀವು ಹೆಂಗ ಹೇಳ್ತೀರಿ ಹಂಗ್ರೀ ಸಾಹೇಬ್ರ” ಎನ್ನುತ್ತಾರೆ. ಒಳಗೆ ಮಲಗಿದವರಿಗೆ ಏನು ಬೇಕಿತ್ತು ಎಂದು ಅವರಲ್ಲಿ ಯಾರೂ ಒಮ್ಮೆಯೂ ಕೇಳಿರುವುದಿಲ್ಲ. ಕೇಳುವುದೇ ಅಪಶಕುನ ಎಂದು ಬೆಳೆದವರು ನಾವು.

ಎಂಟು ಹತ್ತು ದಿನಕ್ಕೆ ದುಡ್ಡು ಕರಗುತ್ತದೆ, ಆಸೆಯೂ ಕರಗುತ್ತದೆ. ಪ್ರಾಣ ಮನೆಯಲ್ಲೇ ಹೋಗಲಿ ಎಂಬ ಹಿರಿಯರ ಮಾತು ಆಗ ನೆನಪಾಗುತ್ತದೆ. ವೈದ್ಯರ ಸಲಹೆ ಮೀರಿ ಕರೆದೊಯ್ಯುತ್ತಿದ್ದೇವೆ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡು ಆಂಬುಲೆನ್ಸ್ ಹತ್ತಿಸುತ್ತಾರೆ. ದೇಶದ ಐಸಿಯುಗಳಲ್ಲಿ ಇದು ನಿತ್ಯದ ಸಂಗತಿ. ನನಗೆ ಅತ್ಯಂತ ಕಷ್ಟವೆನಿಸುವುದು ಇಲ್ಲಿಯೇ. ಮನೆಗೆ ಬರುವುದು ತಪ್ಪಲ್ಲ. ಎಷ್ಟೋ ಹಿರಿಯರಿಗೆ ಅದೇ ಬೇಕು. ಆದರೆ ನೋವಿಗೆ ಮಾರ್ಫಿನ್ ಇಲ್ಲದೆ, ಏದುಸಿರಿಗೆ ಔಷಧವಿಲ್ಲದೆ, ಬಂದು ನೋಡುವ ದಾದಿಯಿಲ್ಲದೆ, ‘ನೀವೇ ಕರೆದುಕೊಂಡು ಹೋದಿರಿ’ ಎಂಬ ಅಪರಾಧಭಾವವನ್ನು ಮಕ್ಕಳ ತಲೆಗೆ ಕಟ್ಟಿ ಕಳಿಸುವುದು ಘನತೆಯ ಸಾವಲ್ಲ. ಯೋಜನೆ ಮಾಡಿ ಮನೆಗೆ ಬರುವುದಕ್ಕೂ ಸೋತು ಮನೆಗೆ ಬರುವುದಕ್ಕೂ ಅಜಗಜಾಂತರ.

ಕಾನೂನು ಈ ಬಾಗಿಲಿಗೆ ಬಂದು ಮುಟ್ಟಲು ಬಹಳ ಕಾಲ ಹಿಡಿಯಿತು, ಮತ್ತು ಆ ದಾರಿ ಒಬ್ಬ ಕನ್ನಡ ನೆಲದ ಹೆಣ್ಣುಮಗಳ ಮೂಲಕ ಹಾದುಬಂತು. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ದಾದಿ. 1973ರ ನವೆಂಬರ್ 27ರ ರಾತ್ರಿ ಅಲ್ಲಿನ ವಾರ್ಡ್‌ಬಾಯ್ ಒಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಆಕೆಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ. ಮೆದುಳಿಗೆ ಆಮ್ಲಜನಕ ತಪ್ಪಿತು. ಅಲ್ಲಿಂದ ನಾಲ್ಕು ದಶಕ ಆಕೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ. ಆಹಾರ ನಿಲ್ಲಿಸಲು ಅನುಮತಿ ಕೊಡಿ ಎಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ಕೋರ್ಟ್ ಆ ಬೇಡಿಕೆಯನ್ನು ತಳ್ಳಿಹಾಕಿತು. ಆಕೆಯ ಪರ ಮಾತಾಡುವ ಹಕ್ಕು ಇಷ್ಟು ವರ್ಷ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯದು, ಅವರು ಆಕೆ ಬದುಕಬೇಕೆನ್ನುತ್ತಾರೆ ಎಂಬುದು ಕಾರಣ. ಆದರೆ ಅದೇ ತೀರ್ಪು, ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದು ಎಂಬ ಬಾಗಿಲನ್ನೂ ತೆರೆಯಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು. ಲೇಖಕಿಯದು ಕರುಣೆ, ದಾದಿಯರದು ಪ್ರೀತಿ, ಇಬ್ಬರದೂ ನಿಜ. ಅರುಣಾ ಅವರಿಗೆ ಏನು ಬೇಕಿತ್ತು ಎಂಬುದಕ್ಕೆ ಮಾತ್ರ ಒಂದು ಸಾಲಿನ ಸಾಕ್ಷ್ಯವೂ ಇರಲಿಲ್ಲ.

ಇತ್ತ ‘ಕಾಮನ್ ಕಾಸ್’ ಎಂಬ ಸಂಸ್ಥೆ 2005ರಲ್ಲೇ ಬೇರೆ ಪ್ರಶ್ನೆ ಹಿಡಿದು ಕೋರ್ಟ್ ಹತ್ತಿತ್ತು: ಬುದ್ಧಿ ನೆಟ್ಟಗಿರುವಾಗಲೇ ಮನುಷ್ಯ ತನ್ನ ಕೊನೆಯ ಚಿಕಿತ್ಸೆಯ ಬಗ್ಗೆ ಬರೆದಿಡಬಹುದೇ? 1996ರ ಜ್ಞಾನ ಕೌರ್ ತೀರ್ಪು ಸಾಯುವ ಹಕ್ಕನ್ನು ಒಪ್ಪಿರಲಿಲ್ಲ, ಆದರೆ ಘನತೆಯ ಬದುಕಿನಲ್ಲಿ ಘನತೆಯ ಕೊನೆಯೂ ಸೇರಿದೆ ಎಂದಿತ್ತು. ಆ ಎಳೆಯನ್ನು ಹಿಡಿದು 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ‘ಲಿವಿಂಗ್ ವಿಲ್’ ಅನ್ನು ಮಾನ್ಯ ಮಾಡಿತು. ಅದೇ ವರ್ಷ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಮನೋರೋಗದ ಚಿಕಿತ್ಸೆಯ ಮಟ್ಟಿಗೆ ಮುಂಗಡ ನಿರ್ದೇಶನಕ್ಕೆ ಅವಕಾಶ ಕೊಟ್ಟಿತ್ತು.

2018ರ ತೀರ್ಪು ತತ್ವದಲ್ಲಿ ದೊಡ್ಡದು, ಆಚರಣೆಯಲ್ಲಿ ಬಲು ಕಠಿಣ. ಪತ್ರಕ್ಕೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಮುದುಕರೊಬ್ಬರು ತಮ್ಮ ಸಾವಿನ ಕಾಗದ ಹಿಡಿದು ಕೋರ್ಟ್ ಮೆಟ್ಟಿಲು ಹತ್ತುವುದನ್ನು ಊಹಿಸಿಕೊಳ್ಳಿ. ವೈದ್ಯರೇ ಮತ್ತೆ ಕೋರ್ಟಿಗೆ ಮೊರೆಹೋದ ಮೇಲೆ 2023ರ ಜನವರಿ 24ರಂದು ನಿಯಮ ಸಡಿಲವಾಯಿತು. ಈಗ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ಬೈಲಹೊಂಗಲದ ಕೋರ್ಟ್ ಎದುರಿನ ನೋಟರಿ ಬಳಿ ಆಗುವ ಕೆಲಸ. ಮಾತಾಡುವ ಶಕ್ತಿ ಹೋದಾಗ ತನ್ನ ಪರವಾಗಿ ನಿರ್ಧರಿಸಲು ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು. ಒಂದು ಪ್ರತಿ ಅವರಿಗೆ, ಒಂದು ಮನೆಯ ವೈದ್ಯರಿಗೆ, ಒಂದು ಪುರಸಭೆ ಅಥವಾ ಗ್ರಾಮ ಪಂಚಾಯಿತಿ ನೇಮಿಸಿದ ಅಧಿಕಾರಿಗೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲಿ ರದ್ದು ಮಾಡಬಹುದು.

ಪತ್ರ ಇದ್ದಮಾತ್ರಕ್ಕೆ ಯಂತ್ರ ಕಳಚುವುದಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಐದು ವರ್ಷಕ್ಕೆ ಕಡಿಮೆಯಿಲ್ಲದ ಅನುಭವದ ಇಬ್ಬರು ತಜ್ಞರು ಸೇರಿದ ಮೊದಲ ಮಂಡಳಿ ರೋಗಿ ಚೇತರಿಸಿಕೊಳ್ಳುವ ಆಸೆಯಿಲ್ಲ ಎಂದು ಒಪ್ಪಬೇಕು. ಜಿಲ್ಲಾ ಮಟ್ಟದ ವೈದ್ಯಾಧಿಕಾರಿ ಹೆಸರಿಸಿದ ವೈದ್ಯರಿರುವ ಎರಡನೇ ಮಂಡಳಿ ಅದನ್ನು ಪರಿಶೀಲಿಸಬೇಕು. ಸಾಧ್ಯವಾದಷ್ಟು ಮಟ್ಟಿಗೆ ತಲಾ 48 ಗಂಟೆಗಳಲ್ಲಿ ತೀರ್ಮಾನ. ಮ್ಯಾಜಿಸ್ಟ್ರೇಟರಿಗೆ ತಿಳಿಸಿದರಾಯಿತು. ಪತ್ರ ಬರೆದಿಡದವರಿಗೂ ಮನೆಯವರ ಒಪ್ಪಿಗೆಯ ಮೇಲೆ ಇದೇ ದಾರಿ ಇದೆ.

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಈ ಮಂಡಳಿಗಳನ್ನು ರಚಿಸಲು ಸುತ್ತೋಲೆ ಹೊರಡಿಸಿತು. ದೇಶದಲ್ಲಿ ಇದನ್ನು ಮೊದಲ ಸಾಲಿನಲ್ಲಿ ಕೈಗೆತ್ತಿಕೊಂಡ ರಾಜ್ಯಗಳಲ್ಲಿ ನಮ್ಮದೂ ಒಂದು. ಪಕ್ಕದ ಗೋವೆಯಲ್ಲಿ 2024ರ ಮೇನಲ್ಲೇ ಹೈಕೋರ್ಟ್ ನ್ಯಾಯಮೂರ್ತಿ ಎಂ.ಎಸ್. ಸೋನಕ್ ತಾವೇ ಮುಂದೆ ಬಂದು ಪತ್ರ ನೋಂದಾಯಿಸಿ ದಾರಿ ತೋರಿಸಿದ್ದರು. ಕರ್ನಾಟಕದ ಸುತ್ತೋಲೆ ಬಂದಾಗ ಪತ್ರಿಕೆಗಳು ಹುಡುಕಿಕೊಂಡು ಹೋದದ್ದು ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರನ್ನು. ಬಹಳ ವರ್ಷಗಳಿಂದ ಘನತೆಯ ಸಾವಿಗಾಗಿ ಸರಕಾರಕ್ಕೆ, ನ್ಯಾಯಾಲಯಕ್ಕೆ ಬರೆಯುತ್ತ ಬಂದವರು ಅವರು. ಇದು ಚುಚ್ಚುಮದ್ದು ಕೊಟ್ಟು ಸಾಯಿಸುವ ದಯಾಮರಣವಲ್ಲ ಎಂದು ಸಚಿವ ದಿನೇಶ್ ಗುಂಡೂರಾವ್ ಆಗಲೇ ಸ್ಪಷ್ಟಪಡಿಸಿದರು. ಅದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ, ಏಕೆಂದರೆ ಹಳ್ಳಿಕಟ್ಟೆಯಲ್ಲಿ ಎರಡನ್ನೂ ಒಂದೇ ಎಂದು ತಿಳಿದವರೇ ಹೆಚ್ಚು.

ಅನ್ನನೀರು ತೊರೆದು ದೇಹ ಬಿಡುವ ಜೈನರ ವ್ರತವಾದ ಸಲ್ಲೇಖನದ ಮಾತೂ ಇಲ್ಲಿ ಬರುತ್ತದೆ. ಸವದತ್ತಿ ರಟ್ಟ ಅರಸರ ಕಾಲದ ಸುಗಂಧವರ್ತಿ, ಜೈನ ಬಸದಿಗಳಿಗೆ ದಾನಕೊಟ್ಟ ಶಾಸನಗಳ ಊರು. ಇದೇ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರುವರಿಯಲ್ಲಿ ಛತ್ತೀಸಗಡದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಈ ವ್ರತವನ್ನು ಆತ್ಮಹತ್ಯೆಗೆ ಸಮ ಎಂದಾಗ ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ನೀಡಿತ್ತು. ವ್ರತ ಬೇರೆ, ವೈದ್ಯಕೀಯ ಪತ್ರ ಬೇರೆ. ಆದರೂ ಕೊನೆಯನ್ನು ಮುಂದಾಗಿಯೇ ಯೋಚಿಸಿ, ಗುರುವಿನ ಮುಂದೆ, ಬಂಧುಗಳ ಮುಂದೆ ಹೇಳಿಕೊಳ್ಳುವ ಪರಂಪರೆ ಈ ನೆಲಕ್ಕೆ ಹೊಸದಲ್ಲ.

ಪತ್ರದಲ್ಲಿ ಏನು ಬರೆಯಬೇಕು? ‘ವೆಂಟಿಲೇಟರ್ ಬೇಡ’ ಎಂದು ಒಂದೇ ಸಾಲು ಬರೆದರೆ ಅಪಾಯ. ಮಲಪ್ರಭೆಯ ದಂಡೆಯ ಕಬ್ಬು, ಹತ್ತಿ, ಗೋವಿನಜೋಳದ ಹೊಲಗಳಲ್ಲಿ ಹಾವು ಕಡಿದವರು, ಬೆಳೆಗೆ ಕೀಟನಾಶಕ ಹೊಡೆಯುವಾಗ ವಿಷವೇರಿದವರು ಕೆಲವು ದಿನ ವೆಂಟಿಲೇಟರ್ ಮೇಲಿದ್ದು ನಡೆದುಕೊಂಡೇ ಮನೆಗೆ ಬರುತ್ತಾರೆ. ಅಲ್ಲಿ ಯಂತ್ರ ಜೀವ ಉಳಿಸುತ್ತದೆ. ಗುಣವಾಗದ ರೋಗದ ತುದಿಯಲ್ಲಿ ಅದೇ ಯಂತ್ರ ಸಾವನ್ನು ಎಳೆಯುತ್ತದೆ. ಹಾಗಾಗಿ ಯಾವ ಸ್ಥಿತಿಯಲ್ಲಿ ಏನು ಬೇಡ ಎಂದು ಬಿಡಿಸಿ ಬರೆಯಬೇಕು: ಮತ್ತೆ ಪ್ರಜ್ಞೆ ಬರುವ ಆಸೆಯಿಲ್ಲದಿದ್ದರೆ ಎದೆ ಒತ್ತಿ ಎಬ್ಬಿಸುವುದು, ಮೂಗಿನ ನಳಿಕೆಯ ಊಟ, ಡಯಾಲಿಸಿಸ್ ಬೇಕೋ ಬೇಡವೋ. ಕೆಲವು ದಿನ ಪ್ರಯತ್ನಿಸಿ ನೋಡಿ, ಫಲವಿಲ್ಲದಿದ್ದರೆ ನಿಲ್ಲಿಸಿ ಎಂದೂ ಬರೆಯಬಹುದು. ನೋವು ತೆಗೆಯುವ ಔಷಧ ಕೊನೆಯವರೆಗೂ ಬೇಕು ಎಂಬುದನ್ನು ತಪ್ಪದೆ ಸೇರಿಸಬೇಕು.

ಯಾರ ಹೆಸರು ಬರೆಯಬೇಕು ಎಂಬುದರ ಬಗ್ಗೆ ನನ್ನದೊಂದು ಖಚಿತ ಅಭಿಪ್ರಾಯವಿದೆ. ನಮ್ಮಲ್ಲಿ ಸಹಿ ಹಾಕುವವರು ಗಂಡುಮಕ್ಕಳು, ಮಲಮೂತ್ರ ತೆಗೆದು ಮೈ ಒರೆಸುವವರು ಹೆಣ್ಣುಮಕ್ಕಳು, ಸೊಸೆಯಂದಿರು. ಅವ್ವನಿಗೆ ಎಲ್ಲಿ ನೋಯುತ್ತದೆ, ಏನು ಕೇಳುತ್ತಿದ್ದಾಳೆ ಎಂದು ತಿಳಿದವರ ಹೆಸರೂ ಪತ್ರದಲ್ಲಿರಲಿ. ಕೊಟ್ಟ ಮನೆಗೆ ಹೋದ ಮಗಳು ಹೊರಗಿನವಳು ಎಂದು ಕಾನೂನು ಎಲ್ಲೂ ಹೇಳಿಲ್ಲ.

ಆದರೆ ಪತ್ರದ ಬೆನ್ನಿಗೆ ಆರೈಕೆ ಇಲ್ಲದಿದ್ದರೆ ಅದು ಬರೀ ಕಾಗದ. ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯ ಕ್ಯಾನ್ಸರ್‌ನ ಕೊನೆಯ ಹಂತದವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡಿನಿಂದ ಶುರುವಾದ ಉಪಶಾಮಕ ಆರೈಕೆಯ ಚಳವಳಿ 2008ರಲ್ಲಿ ಸರಕಾರದ ನೀತಿಯಾಯಿತು, ಪಂಚಾಯಿತಿಗಳ ಹೊಣೆಯಾಯಿತು. ಮಂಜೇಶ್ವರ, ಕುಂಬಳೆಯ ಕನ್ನಡಿಗರ ಮನೆಬಾಗಿಲಿಗೆ ಪಂಚಾಯಿತಿಯ ದಾದಿ ಬರುತ್ತಾರೆ. ಅಂಥ ಜಾಲ ಮಲಪ್ರಭೆಯ ದಂಡೆಯಲ್ಲಿ ಇನ್ನೂ ಬೆಳೆದಿಲ್ಲ. ಮಾರ್ಫಿನ್ ದೊರೆಯಲು ಅಡ್ಡಿಯಾಗಿದ್ದ ಮಾದಕ ವಸ್ತು ಕಾಯ್ದೆಯನ್ನು ಸಂಸತ್ತು 2014ರಲ್ಲೇ ತಿದ್ದಿದೆ. ಬೆಳಗಾವಿಯಲ್ಲಿ 2025ರ ಜನವರಿಯಲ್ಲಿ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ ಆರಂಭವಾಗಿದೆ, ಸರಕಾರಿ ವೈದ್ಯಕೀಯ ಸಂಸ್ಥೆ ಬಿಮ್ಸ್ ಇದೆ. ಆಶಾ ಕಾರ್ಯಕರ್ತೆಯರು ಪ್ರತಿ ಹಳ್ಳಿಯಲ್ಲಿದ್ದಾರೆ. ಇಷ್ಟು ಸಾಮಗ್ರಿ ಇರುವ ಜಿಲ್ಲೆಯಲ್ಲಿ ತಾಲೂಕು ಆಸ್ಪತ್ರೆಯ ಒಬ್ಬ ವೈದ್ಯರಿಗೆ, ಇಬ್ಬರು ದಾದಿಯರಿಗೆ ಉಪಶಾಮಕ ಆರೈಕೆಯ ತರಬೇತಿ ಕೊಟ್ಟು, ವಾರಕ್ಕೊಮ್ಮೆ ಮನೆಭೇಟಿಗೆ ವಾಹನ ಒದಗಿಸುವುದು ಆಗದ ಕೆಲಸವಲ್ಲ.

ಜೊತೆಗೆ ಇನ್ನೂ ಚಿಕ್ಕ ಕೆಲಸವೊಂದಿದೆ. ಪತ್ರದ ಪ್ರತಿಯನ್ನು ಕಾಯಬೇಕಾದ ಅಧಿಕಾರಿ ಯಾರೆಂದು ಬೈಲಹೊಂಗಲ, ಸವದತ್ತಿ, ರಾಮದುರ್ಗದ ಪುರಸಭೆಗಳು, ಕಿತ್ತೂರಿನ ಪಟ್ಟಣ ಪಂಚಾಯಿತಿ ಮತ್ತು ಪ್ರತಿ ಗ್ರಾಮ ಪಂಚಾಯಿತಿ ತಮ್ಮ ಸೂಚನಾ ಫಲಕದಲ್ಲಿ ಹೆಸರು ಸಮೇತ ಹಾಕಬೇಕು. ಎರಡನೇ ಮಂಡಳಿಗೆ ನೇಮಿಸುವ ವೈದ್ಯರ ಪಟ್ಟಿ ತಾಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ಸಿಗಬೇಕು. ಪತ್ರದ ಕನ್ನಡ ನಮೂನೆ ಒಂದನ್ನು ದೇಹದಾನದ ಅರ್ಜಿಯ ಜೊತೆಗೇ ಕೊಡುವಂತಾಗಬೇಕು. ಆ ಅರ್ಜಿ ತುಂಬಲು ಬರುವವರು ಹೇಗೂ ಸಾವಿನ ಮಾತಿಗೆ ಹೆದರಿದವರಲ್ಲ.