ಯಕ್ಷರಂಗದ ಒಡೆತನ

ಯಕ್ಷಗಾನ ಯಾರ ಸ್ವತ್ತು ಎಂದು ಕರಾವಳಿಯಲ್ಲಿ ಯಾರನ್ನಾದರೂ ಕೇಳಿದರೆ ಅವರು ನಕ್ಕುಬಿಟ್ಟಾರು. ಪ್ರಸಂಗ ಕಟ್ಟಿದ ಕವಿಯ ಹೆಸರು ಕೆಲವೊಮ್ಮೆ ತಿಳಿದಿರುತ್ತದೆ, ಹಲವೊಮ್ಮೆ ಇಲ್ಲ. ಪದ್ಯಗಳು ಭಾಗವತರಿಂದ ಭಾಗವತರಿಗೆ, ಹೆಜ್ಜೆಗಳು ವೇಷಧಾರಿಯಿಂದ ವೇಷಧಾರಿಗೆ ಹರಿದು ಬಂದಿವೆ. ಅರ್ಥಗಾರಿಕೆಯಂತೂ ಆ ರಾತ್ರಿ ರಂಗಸ್ಥಳದಲ್ಲಿಯೇ ಹುಟ್ಟಿ ಬೆಳಗಾಗುವುದರೊಳಗೆ ಮುಗಿದುಹೋಗುವಂಥದು. ಇಂತಹ ಕಲೆಯ ವಿಷಯದಲ್ಲಿ ಕೃತಿಸ್ವಾಮ್ಯದ ದಾವೆಯೊಂದು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ಹೂಡಲ್ಪಟ್ಟು ದೆಹಲಿಯ ಸುಪ್ರೀಂ ಕೋರ್ಟಿನವರೆಗೆ ನಡೆಯಿತು. ಅದರ ಕೇಂದ್ರದಲ್ಲಿದ್ದವರು ಡಾ. ಶಿವರಾಮ ಕಾರಂತರು. ಅಷ್ಟರಲ್ಲಿ ಅವರು ಕಾಲವಾಗಿದ್ದರು.

ಕಾರಂತರ ಯಕ್ಷಗಾನದ ಗೀಳು ಕನ್ನಡಿಗರಿಗೆ ಹೊಸತಲ್ಲ. 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು 1959ರಲ್ಲಿ. ಆದರೆ ಅವರು ಸಂಶೋಧನೆಗೆ ತೃಪ್ತರಾಗುವವರಲ್ಲ. ಇಡೀ ರಾತ್ರಿಯ ಆಟವನ್ನು ಕೆಲವು ಗಂಟೆಗಳಿಗೆ ಇಳಿಸಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನುಗಳನ್ನು ತಂದರು. ರಾಗ, ತಾಳ, ವೇಷಭೂಷಣ, ರಂಗವಿನ್ಯಾಸಗಳನ್ನು ತಮ್ಮ ಕಣ್ಣಿಗೆ ಒಪ್ಪುವಂತೆ ತಿದ್ದಿದರು. ಹೀಗೆ ರೂಪುಗೊಂಡ ನೃತ್ಯರೂಪಕಕ್ಕೆ 'ಯಕ್ಷರಂಗ' ಎಂದು ಹೆಸರಾಯಿತು. ಇದು ಯಕ್ಷಗಾನವೇ ಅಲ್ಲವೆಂದು ಮೂಗು ಮುರಿದವರೂ ಇದ್ದರು. ಆ ಚರ್ಚೆ ಇಲ್ಲಿ ಬೇಡ. ಕಾನೂನಿನ ದೃಷ್ಟಿಗೆ ಬೇಕಾದುದು ಹಳೆಯದರ ಮೇಲೆ ಹೊಸದೇನು ಸೇರಿತು ಎಂಬುದಷ್ಟೇ.

1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. 1994ರಲ್ಲಿ ಬರೆದ ಉಯಿಲಿನಲ್ಲಿ ತಮ್ಮ ಸಾಹಿತ್ಯಕೃತಿಗಳ ಹಕ್ಕನ್ನು ಬಿ. ಮಾಲಿನಿ ಮಲ್ಯ ಅವರಿಗೆ ಕೊಟ್ಟಿದ್ದರು. 2001ರ ಸೆಪ್ಟೆಂಬರ್‌ನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ವತಿಯಿಂದ ದೆಹಲಿಯಲ್ಲಿ 'ಅಭಿಮನ್ಯು ವಧೆ' ಪ್ರದರ್ಶನವಾಯಿತು. ಅನುಮತಿ ಪಡೆದಿಲ್ಲವೆಂದು ಮಲ್ಯರು ದಾವೆ ಹೂಡಿದರು. ಕಾರಂತರು ಕೇಂದ್ರದ ನಿರ್ದೇಶಕರಾಗಿದ್ದು, ಸಂಸ್ಥೆಯ ಹಣ ಮತ್ತು ಸಿಬ್ಬಂದಿಯ ನೆರವಿನಿಂದ ಈ ಕೆಲಸ ಮಾಡಿದರೆಂಬುದು ಸಂಸ್ಥೆಯ ವಾದ. ಅದು ತೀರ ಹುರುಳಿಲ್ಲದ ವಾದವೆಂದು ನನಗೆ ತೋರುವುದಿಲ್ಲ. ಮೇಳ ಕಟ್ಟುವುದು ಒಬ್ಬರ ಕೈಯ ಕೆಲಸವೇ? ಆದರೆ 2003ರಲ್ಲಿ ಜಿಲ್ಲಾ ನ್ಯಾಯಾಲಯ ಮಲ್ಯರ ಪರವಾಗಿ ತೀರ್ಪಿತ್ತಿತು. 2007ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಉಯಿಲಿನಲ್ಲಿ ಹೆಸರಿಸಿದ್ದು 'ಸಾಹಿತ್ಯಕೃತಿ'ಗಳನ್ನು. ನೃತ್ಯರೂಪಕ ಸಾಹಿತ್ಯವೇ? ಹೈಕೋರ್ಟ್ ಹೌದೆಂದಿತು. 2009ರ ಜನವರಿ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಸಾಹಿತ್ಯಕೃತಿ ಬೇರೆ, ನಾಟ್ಯಕೃತಿ ಬೇರೆ. ಬರಹದಲ್ಲಿಯೋ ಅನ್ಯಥಾ ಸ್ಥಿರಗೊಳಿಸಿದ ನೃತ್ಯಸಂಯೋಜನೆ, ರಂಗವಿನ್ಯಾಸ, ಅಭಿನಯಗಳೆಲ್ಲ ಎರಡನೆಯ ವರ್ಗಕ್ಕೆ ಸೇರುತ್ತವೆ. ಹಾಗಿದ್ದರೂ ಗೆದ್ದವರು ಮಲ್ಯರೇ. ಹೆಸರಿಸದೆ ಉಳಿದ ಸ್ವತ್ತೆಲ್ಲವೂ ಅವರಿಗೇ ಎಂಬ ಮಾತು ಉಯಿಲಿನಲ್ಲಿತ್ತು. ಯಕ್ಷರಂಗದ ಹಕ್ಕು ಆ ಬಾಗಿಲಿನಿಂದ ಅವರಿಗೆ ಸಂದಿತು. ಪದಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಕಾರಂತರ ಉಯಿಲಿನ ಒಂದು ಪದವನ್ನು ಕುರಿತು ಇಷ್ಟು ವರ್ಷ ವಾದ ನಡೆದುದು ವಿಚಿತ್ರವೇ ಸರಿ.

ನನ್ನಂಥ ಮೇಷ್ಟರಿಗೆ ಮುಖ್ಯವಾದುದು ತೀರ್ಪಿನ ಕೊನೆಯ ಭಾಗ. ಕೆಳಗಿನ ನ್ಯಾಯಾಲಯದ ತಡೆಯಾಜ್ಞೆ ಪೂರ್ತಿ ಬಾಗಿಲು ಮುಚ್ಚುವಂತಿತ್ತು. ಸುಪ್ರೀಂ ಕೋರ್ಟ್ ಅದನ್ನು ಸಡಿಲಿಸಿ, ಕಾಯಿದೆಯ 52ನೆಯ ಕಲಮಿನ ವಿನಾಯಿತಿಗಳಿಗೆ ಈ ಆಜ್ಞೆ ಅಡ್ಡಿಯಲ್ಲವೆಂದು ಸ್ಪಷ್ಟಪಡಿಸಿತು. ಆ ಕಲಮಿನಂತೆ ಶಾಲೆಯ ಚಟುವಟಿಕೆಯ ಅಂಗವಾಗಿ ಅಧ್ಯಾಪಕರು, ವಿದ್ಯಾರ್ಥಿಗಳು ನಾಟಕವಾಡಬಹುದು. ನೋಡುವವರು ಮಾತ್ರ ಶಾಲೆಯವರು, ಪೋಷಕರು, ಶಾಲೆಗೆ ನೇರ ಸಂಬಂಧವುಳ್ಳವರು ಆಗಿರಬೇಕು. ಹಳ್ಳಿಯ ಶಾಲೆಯ ವಾರ್ಷಿಕೋತ್ಸವ ನೋಡಿದವರಿಗೆ ಇದು ನಗು ತರಿಸೀತು. ಅಲ್ಲಿ ಮೈಕು ಕೂಗಿದರೆ ಇಡೀ ಊರೇ ಚಾಪೆ ಹಿಡಿದು ಬರುತ್ತದೆ. ಪೋಷಕರಾರು, ಪರರಾರು ಎಂದು ಗೇಟಿನಲ್ಲಿ ವಿಂಗಡಿಸುವವರು ಯಾರು? ಹವ್ಯಾಸಿ ಸಂಘಗಳು ಟಿಕೆಟ್ಟಿಲ್ಲದೆ ಆಡುವ ಆಟಕ್ಕೂ, ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡುವುದಕ್ಕೂ ವಿನಾಯಿತಿ ಉಂಟು. ನಮ್ಮ ಊರೂರಿನ ಯುವಕ ಮಂಡಲಗಳು ತಿಳಿಯದೆಯೇ ಈ ನೆರಳಿನಲ್ಲಿ ಬದುಕಿವೆ. ಟಿಕೆಟ್ಟು ಮುದ್ರಿಸಿದಲ್ಲಿ ಮಾತು ಬೇರೆ.

ಹಳೆಯ ಪ್ರಸಂಗಗಳಿಗೆ ಈ ತೀರ್ಪಿನಿಂದ ಬಾಧೆಯಿಲ್ಲ. ಅಭಿಮನ್ಯುವಿನ ಕಥೆಯನ್ನು ಯಾವ ಮೇಳವಾದರೂ ಆಡಬಹುದು. ಕಾರಂತರು ಅದಕ್ಕೆ ಕೊಟ್ಟ ರೂಪವನ್ನು ಎತ್ತಿಕೊಳ್ಳುವಂತಿಲ್ಲ, ಅಷ್ಟೇ. ಇದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ಕಾರಂತರಿಗೆ ಹಾಡು, ಹೆಜ್ಜೆಗಳನ್ನು ತೋರಿಸಿಕೊಟ್ಟ ಹಿಂದಿನ ಭಾಗವತರಿಗೆ, ವೇಷಧಾರಿಗಳಿಗೆ ಕಾಯಿದೆಯ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಈ ಹಕ್ಕು ಎಂದೆಂದಿಗೂ ಅಲ್ಲ. ಮೊದಲು ಅವಧಿ ಕರ್ತೃವಿನ ಮರಣಾನಂತರ 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ಕ್ಕೆ ಮುಗಿಯುವುದಿತ್ತು. ಆ ಹಿನ್ನೆಲೆಯಲ್ಲಿಯೇ 1992ರ ತಿದ್ದುಪಡಿ ಅದನ್ನು 60ಕ್ಕೆ ಏರಿಸಿತು. ಆ ಲೆಕ್ಕದಲ್ಲಿ ಕಾರಂತರ ಯಕ್ಷರಂಗ 2057ರ ಕೊನೆಯವರೆಗೆ ಒಡೆಯರ ಕೈಯಲ್ಲಿರುತ್ತದೆ. ಮರುದಿನದಿಂದ ಯಾವ ಮೇಳವಾದರೂ ಅದನ್ನು ಟಿಕೆಟ್ಟಿಟ್ಟೇ ಆಡಬಹುದು.