ಯುದ್ಧದಲ್ಲಿ ಹಿಡಿದ ಹಡಗು ಹಿಡಿದವರದ್ದೇ ಆಗುತ್ತದೆಯೇ?

ಯುದ್ಧಕಾಲದಲ್ಲಿ ವ್ಯಾಪಾರಿ ಹಡಗನ್ನು ಹಿಡಿದರೆ ಅದು ತಕ್ಷಣ ಹಿಡಿದ ನೌಕಾಪಡೆಯ ಸ್ವತ್ತಾಗುತ್ತದೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಇದು ನಿಜವೇ? 'ಬರ್ಮುಡಾ' ಎಂಬ ಹಡಗಿನ ಕಥೆ ನೋಡೋಣ.

ಹಿನ್ನೆಲೆ ಏನು?

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್, ಬಂಡೆದ್ದ ದಕ್ಷಿಣ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಘೋಷಿಸಿದರು. ಹತ್ತಿ ಹೊರಹೋಗಬಾರದು, ಬಂದೂಕು ಒಳಬರಬಾರದು ಎಂಬುದು ಉದ್ದೇಶ. ಕಾವಲಿನ ಕಣ್ಣುತಪ್ಪಿಸಿ ಸರಕು ಸಾಗಿಸುವ ಹಡಗುಗಳಿಗೆ 'ಬ್ಲಾಕೇಡ್ ರನ್ನರ್' ಎಂಬ ಹೆಸರು ಬಿತ್ತು.

ಇಂಗ್ಲೆಂಡಿನಲ್ಲಿ 1861ರಲ್ಲಿ ಕಟ್ಟಿದ ಬರ್ಮುಡಾ, ಅದೇ ಸೆಪ್ಟೆಂಬರ್‌ನಲ್ಲಿ ಯುದ್ಧಸಾಮಗ್ರಿಯೊಂದಿಗೆ ಜಾರ್ಜಿಯಾದ ಸವಾನಾ ಬಂದರು ತಲುಪಿ, ಹತ್ತಿ ತುಂಬಿಕೊಂಡು ಮರಳಿತು.

ಹಿಡಿದದ್ದು ಹೇಗೆ?

ಎರಡನೇ ಪಯಣದಲ್ಲಿ ಅದೃಷ್ಟ ಕೈಕೊಟ್ಟಿತು. 1862ರ ಏಪ್ರಿಲ್ 27ರಂದು ಬಹಾಮಾಸ್ ಬಳಿ 'ಮರ್ಸಿಡಿಟಾ' ಯುದ್ಧನೌಕೆ ಅದನ್ನು ಹಿಡಿಯಿತು. ಹಡಗಿನಲ್ಲಿದ್ದವರು ಪತ್ರಗಳನ್ನು ಸುಟ್ಟುಹಾಕಿದರು. "ನಮ್ಮದು ಬ್ರಿಟಿಷ್ ಹಡಗು, ಹೊರಟಿದ್ದು ಬ್ರಿಟಿಷರದೇ ಆದ ನಸ್ಸೌ ಬಂದರಿಗೆ" ಎಂಬುದು ಮಾಲೀಕರ ಕಡೆಯ ವಾದ.

ಮುಂದೇನಾಯಿತು?

ಹಡಗನ್ನು ಫಿಲಡೆಲ್ಫಿಯಾಕ್ಕೆ ಒಯ್ದು, ಇಂಥ ಪ್ರಕರಣಗಳಿಗೆಂದೇ ಇರುವ 'ಪ್ರೈಜ್ ಕೋರ್ಟ್' ಮುಂದೆ ನಿಲ್ಲಿಸಲಾಯಿತು. ಅಲ್ಲಿಂದ ನೌಕಾಪಡೆ ಅದನ್ನು ಹಣಕೊಟ್ಟು ಕೊಂಡಿತು! 1863ರ ಮೇ ತಿಂಗಳಿಂದ ಅದು ಮೆಕ್ಸಿಕೋ ಕೊಲ್ಲಿಯವರೆಗಿನ ಕಾವಲು ನೌಕೆಗಳಿಗೆ ಸಾಮಾನು ಸರಬರಾಜು ಮಾಡುವ ಹಡಗಾಯಿತು. ಹಡಗುಗಳು ಕಾವಲು ಬಿಟ್ಟು ಬಂದರಿಗೆ ಹೋದರೆ ದಿಗ್ಬಂಧನದಲ್ಲಿ ಕಿಂಡಿ ಬೀಳುತ್ತದೆ. ಹಾಗಾಗಿ ಈ ಸರಬರಾಜು ಮುಖ್ಯವಾಗಿತ್ತು. ಒಂದು ಕಾಲದ ಈ ಕಳ್ಳಸಾಗಣೆ ಹಡಗು ಆಮೇಲೆ ತಾನೇ ಬ್ಲಾಕೇಡ್ ರನ್ನರ್‌ಗಳನ್ನು ಹಿಡಿಯಿತು.

ಯುದ್ಧ ಮುಗಿದ ಮೇಲೆ ಸುಪ್ರೀಂ ಕೋರ್ಟ್ ಅಂತಿಮ ತೀರ್ಪು ನೀಡಿತು: ನಡುವೆ ಯಾವ ಬಂದರಿನಲ್ಲಿ ನಿಂತರೂ ಸರಕಿನ ನಿಜವಾದ ಗುರಿ ದಕ್ಷಿಣ ರಾಜ್ಯಗಳೇ, ಹಿಡಿದದ್ದು ಸರಿ.

ತೀರ್ಪು ಉಲ್ಟಾ ಆಗಿದ್ದರೆ?

ಅದೂ ಆಗಿದೆ. 1863ರಲ್ಲಿ ಹಿಡಿದ 'ಪೀಟರ್‌ಹಾಫ್' ಹಡಗನ್ನೂ ನೌಕಾಪಡೆ ಬಳಸಿತು. 1864ರಲ್ಲಿ ತಮ್ಮದೇ ನೌಕೆ ಡಿಕ್ಕಿ ಹೊಡೆದು ಅದು ಮುಳುಗಿತು. ಆಮೇಲೆ ಸುಪ್ರೀಂ ಕೋರ್ಟ್, ಹಡಗು ಮಾಲೀಕರಿಗೇ ಸೇರಬೇಕು ಎಂದಿತು. ಅಷ್ಟರಲ್ಲಿ ಹಡಗು ಸಮುದ್ರದ ತಳದಲ್ಲಿತ್ತು.

ನಮ್ಮ ತೀರ್ಮಾನ: "ಹಿಡಿದವರದ್ದೇ ಹಡಗು" ಎಂಬುದು ತಪ್ಪು. ಶತ್ರುವಿನ ಯುದ್ಧನೌಕೆಯ ಮಾತು ಬೇರೆ. ಆದರೆ ವ್ಯಾಪಾರಿ ಹಡಗು ಯಾರದ್ದೆಂದು ತೀರ್ಮಾನಿಸುವುದು ಹಿಡಿದ ಕ್ಯಾಪ್ಟನ್ ಅಲ್ಲ, ನ್ಯಾಯಾಲಯ.